ಅತ್ತೆ ತೊಳೆದ ಬೇರು

ಜನವರಿ 9

ಪ್ರೀತಿಯ ಅತ್ತೆಗೆ ಚೂಟಿ ಮಾಡುವ ನಮಸ್ಕಾರಗಳು.

ನಿಮ್ಮ ಪಾರ್ಸೆಲ್ ತಲುಪಿ ಮೂರು ವಾರವಾಯಿತು. ಹೇಳಿಕೊಳ್ಳುವಂಥದ್ದು ಏನಾದರೂ ಆಗಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಈಗ ಆಗಿದೆ. ಅಂಗಡಿಯಲ್ಲಿ ಔಷಧಿ ಕುಟ್ಟುವ ಯಂತ್ರ ನಿಲ್ಲಿಸಿ, ಕೂತು ಓದಿ.

ನಿಮಗೆ ಗೊತ್ತಿರುವ ಹಾಗೆ, ಹಳದಿ ಬೇರಿನ ಕಹಿಯೇ ಅದರ ಔಷಧ. ಆ ಕಹಿ ಎಂಥ ಮೊಂಡು ಅಂದರೆ ನೀರಿನಲ್ಲಿ ಕರಗುವುದಿಲ್ಲ. ಮಾಯದ ಗಾಯಕ್ಕೆ ನೂರು ಪಾಲು ಹಚ್ಚಿದರೆ ಎರಡು ಪಾಲು ಆಳಕ್ಕೆ ಇಳಿದರೆ ಹೆಚ್ಚು. ಉಳಿದದ್ದೆಲ್ಲ ಪಟ್ಟಿಯ ಬಟ್ಟೆಗೆ ಬಣ್ಣ. ಅದಕ್ಕೇ ನಾವು ಆ ಕಹಿಯನ್ನು ಕೊಬ್ಬಿನ ಚಿಕ್ಕ ಚಿಕ್ಕ ಗುಂಡುಗಳೊಳಗೆ ಕೂರಿಸುತ್ತೇವೆ. ಚಿಕ್ಕದು ಅಂದರೆ ಎಷ್ಟು ಅಂತ ಕೇಳುತ್ತೀರಿ. ನಿಮ್ಮ ತಲೆಗೂದಲೊಂದರ ದಪ್ಪವನ್ನು ಐನೂರು ಪಾಲು ಮಾಡಿ. ಅದರಲ್ಲಿ ಒಂದು ಪಾಲು. ಅಷ್ಟು ಚಿಕ್ಕದಾದರೆ ಚರ್ಮದ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಇದನ್ನೇ ನ್ಯಾನೋ ಅನ್ನುವುದು.

ಮೂರು ವರ್ಷದಿಂದ ನಮ್ಮ ಗೋಳು ಏನೆಂದರೆ, ಬಾಟಲಿಯಲ್ಲಿ ಕೊಂಡು ತಂದ ಶುದ್ಧ ಪುಡಿಯಿಂದ ಮಾಡಿದ ಗುಂಡುಗಳು ಒಂದು ಗಂಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡು, ಹಾಲು ಒಡೆದ ಹಾಗೆ ತಳ ಸೇರುತ್ತಿದ್ದವು. ಯಾಕೋ ಹಟ ಬಂದು ನಿಮ್ಮ ಬೇರನ್ನು ತರಿಸಿದೆ. ನಾನೇ ತೊಳೆದು, ಅರೆದು, ಸತ್ವ ತೆಗೆದೆ. ಅತ್ತೆ, ಹನ್ನೊಂದು ದಿನವಾಯಿತು. ಗುಂಡುಗಳು ಇನ್ನೂ ಬಿಡಿಬಿಡಿಯಾಗಿ ತೇಲುತ್ತಿವೆ. ಪ್ರಯೋಗಕ್ಕೆಂದೇ ಬೆಳೆಸಿದ ಚರ್ಮದ ಪದರದ ಮೇಲೆ ಹಚ್ಚಿ ನೋಡಿದೆವು. ನೂರರಲ್ಲಿ ಹತ್ತೊಂಬತ್ತು ಪಾಲು ಒಳಗೆ ಇಳಿದಿದೆ. ಎಂದೂ ನಗದ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ನನ್ನ ಮೇಜಿನ ಹತ್ತಿರ ಬಂದು ಎರಡು ನಿಮಿಷ ಸುಮ್ಮನೆ ನಿಂತು ಹೋದರು. ಅವರ ಲೆಕ್ಕದಲ್ಲಿ ಅದು ಸನ್ಮಾನ.

ಅಂದಹಾಗೆ ಪಾರ್ಸೆಲ್ ಬಿಚ್ಚಿದಾಗ ಬಿದ್ದ ಮಣ್ಣು ನೋಡಿ ನಮ್ಮ ಅಳತೆ ಯಂತ್ರ ನೋಡಿಕೊಳ್ಳುವ ತಂತ್ರಜ್ಞರು, ಎಲ್ಲರೂ ಯಂತ್ರದಣ್ಣ ಅನ್ನುತ್ತೇವೆ, "ನಿಮ್ಮತ್ತೆ ಬೇರು ಕಳಿಸಿದ್ದಾರೋ ಹೊಲಾನೇ ಕಳಿಸಿದ್ದಾರೋ?" ಅಂದರು. ಬಿದ್ದು ಬಿದ್ದು ನಕ್ಕೆವು.

ಇನ್ನೂ ನಾಲ್ಕು ಕಿಲೋ ಬೇಕಾಗುತ್ತದೆ. ಇದ್ದದ್ದೆಲ್ಲ ಮುಗಿಯಿತು.

ನಿಮ್ಮ
ಚೂಟಿ


ಜನವರಿ 17

ಚೂಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೇ ಸಲ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಕಷಾಯಕ್ಕೆ ಕಾದು ಕೂತಿದ್ದ ನಾಲ್ಕು ಜನ ಎದ್ದು ಹೋಗುವ ಹಾಗಿರಲಿಲ್ಲ, ಪಾಪ, ಪೂರ್ತಿ ಕೇಳಿಸಿಕೊಂಡರು. ಹೊಲಿಗೆ ಯಂತ್ರ ರಿಪೇರಿಯವರು, ಅದೇ ಕಾಲಿನ ಗಾಯ ಎಂಟು ತಿಂಗಳಿಂದ ಮಾಯದವರು, "ಆ ಗುಂಡು ಯಾವಾಗ ಬರುತ್ತೆ?" ಅಂತ ಸ್ಲೇಟಿನಲ್ಲಿ ಬರೆದು ಕೇಳಿದರು. ನಮ್ಮ ಹುಡುಗಿ ಮಾಡುತ್ತಿದ್ದಾಳೆ, ತಾಳ್ಮೆ ಇರಲಿ ಅಂದೆ. ಹಾಗೆ ಹೇಳುವಾಗ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಮೂವತ್ತು ವರ್ಷ ಕುಟ್ಟುವ ಯಂತ್ರದ ಪಕ್ಕ ಕೂತು ಕಿವಿ ಕೈಕೊಟ್ಟ ಮೇಲೆ ಅದೇ ಒಂದು ವಿಶೇಷ.

ಕೂದಲನ್ನು ಐನೂರು ಪಾಲು ಮಾಡುವ ವಿಷಯ ರಾತ್ರಿ ಹಗಲು ತಲೆಯಲ್ಲಿ ಕೊರೆಯುತ್ತಿದೆ. ನನ್ನ ಅತಿ ಸಣ್ಣ ಜರಡಿಯಲ್ಲಿ ಬಿದ್ದ ಪುಡಿಯೇ ಜಗತ್ತಿನಲ್ಲಿ ನಯ ಅಂದುಕೊಂಡಿದ್ದೆ. ನೀನು ಅದನ್ನು ಜಲ್ಲಿಕಲ್ಲು ಮಾಡಿಬಿಟ್ಟೆ. ಹೊಟ್ಟೆಕಿಚ್ಚಲ್ಲ, ಹೆಮ್ಮೆ.

ಮಣ್ಣಿನ ವಿಷಯ ತಿಳಿಯಿತು. ಇನ್ನು ಮುಂದೆ ಹಾಗಾಗುವುದಿಲ್ಲ. ನಾಲ್ಕು ಕಿಲೋ ಸಿದ್ಧ ಮಾಡುತ್ತಿದ್ದೇನೆ. ಅಲ್ಲಿಯವರಿಗೆ ಅರೆಯುವ ತೊಂದರೆಯೂ ಬೇಡ, ಕುಟ್ಟಿ ಪುಡಿ ಮಾಡಿಯೇ ಡಬ್ಬಿಯಲ್ಲಿ ತುಂಬಿಸಿ ಕಳಿಸುತ್ತೇನೆ.

ಇಂತಿ
ಅತ್ತೆ


ಫೆಬ್ರವರಿ 20

ಪ್ರೀತಿಯ ಅತ್ತೆಗೆ,

ಡಬ್ಬಿಗಳು ತಲುಪಿದವು. ಎಷ್ಟು ಚೊಕ್ಕ ಪುಡಿ! ಬಣ್ಣವಂತೂ ಮೊದಲಿಗಿಂತ ಎಷ್ಟೋ ಹೊಳಪು. ಯಂತ್ರದಣ್ಣ ಬೆರಳಲ್ಲಿ ಮುಟ್ಟಿ ನೋಡಿ, ಈ ಸಲ ಹೊಲ ಇಲ್ಲವಲ್ಲ ಅಂತ ನಿರಾಶರಾದರು. ಪರೀಕ್ಷೆ ಮಾಡಿದಾಗ ಸತ್ವದ ಶುದ್ಧತೆ ನೂರಕ್ಕೆ ತೊಂಬತ್ತೊಂದು ಇದ್ದದ್ದು ತೊಂಬತ್ತೇಳಕ್ಕೆ ಏರಿದೆ. ನಮ್ಮ ಮುಖ್ಯಸ್ಥೆ, "ನಿಮ್ಮತ್ತೆ ಕೈಕೆಲಸ ನಮ್ಮವರಿಗೂ ಬರಬೇಕು ನೋಡಿ" ಅಂದರು. ಈ ಮಾತು ನಿಮಗೆ ಮುಟ್ಟಿಸಲೇಬೇಕಿತ್ತು.

ಕೆಲಸ ನಡೆಯುತ್ತಿದೆ. ರಿಪೇರಿಯವರಿಗೆ ನನ್ನ ನಮಸ್ಕಾರ ತಿಳಿಸಿ, ಇನ್ನೂ ಸ್ವಲ್ಪ ಕಾಯಬೇಕು ಅಂತ ಹೇಳಿ. ಇಲ್ಲಿ ಈ ನಡುವೆ ವಿಪರೀತ ಸೆಕೆ. ಕಿಟಕಿಗೆ ಹೊಸ ಪರದೆ ಹಾಕಿದ್ದಾರೆ.

ನಿಮ್ಮ
ಚೂಟಿ


ಮಾರ್ಚ್ 2

ಚೂಟಿ,

ತೊಂಬತ್ತೇಳು! ನಾನು ಓದುವಾಗ ಯಾವ ಪಾಠದಲ್ಲೂ ಐವತ್ತು ದಾಟಿದವಳಲ್ಲ. ನಿನ್ನ ಅಪ್ಪನಿಗೆ ಈ ಸಂಖ್ಯೆಯನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಕಳಿಸಿದೆ, ಕೆಳಗೆ ಮತ್ತೇನೂ ಬರೆಯಲಿಲ್ಲ. ಅಣ್ಣ ಒಂದು ವಾರ ತಲೆಕೆಡಿಸಿಕೊಳ್ಳಲಿ.

ನಿಮ್ಮ ಮುಖ್ಯಸ್ಥೆ ಹೇಳಿದ ಮಾತು ಓದಿ ಕಣ್ಣು ತೇವವಾಯಿತು. ಇಷ್ಟು ವರ್ಷದಲ್ಲಿ ಗಾಯ ಮಾಯ್ದವರು ನನ್ನನ್ನು ಹೊಗಳಿದ್ದಾರೆ, ಮಾಯದವರು ಬೈದಿದ್ದಾರೆ. ಆದರೆ ಓದಿದವರು ನನ್ನ ಕೈಕೆಲಸವನ್ನು ಹೊಗಳಿದ್ದು ಇದೇ ಮೊದಲು. ಮುಂದಿನ ಸಲ ಇನ್ನೂ ಚೊಕ್ಕ ಮಾಡಿ ಕಳಿಸುತ್ತೇನೆ, ನೋಡುತ್ತಿರು.

ನಿನ್ನ ಕಾಗದ ಮಾತ್ರ ತೀರಾ ಚಿಕ್ಕದಾಯಿತು. ಪರದೆಯ ವಿಷಯ ಬರೆಯುವ ಬದಲು ಗುಂಡುಗಳ ವಿಷಯ ಬರೆ. ಎಷ್ಟು ದಿನ ತೇಲಿದವು?

ಅತ್ತೆ


ಏಪ್ರಿಲ್ 6

ಅತ್ತೆ,

ಒಂದು ವಿಷಯ ತಿಳಿಯಬೇಕಿತ್ತು. ಡಿಸೆಂಬರಿನಲ್ಲಿ ಕಳಿಸಿದ ಬೇರು ಮತ್ತು ಆಮೇಲೆ ಕಳಿಸಿದ ಪುಡಿ, ಎರಡೂ ಒಂದೇ ಪಾತಿಯದ್ದೇ? ಒಂದೇ ವಯಸ್ಸಿನ ಗಿಡಗಳೇ? ಬೇರೆಯವರ ಹತ್ತಿರ ಕೊಂಡದ್ದು ಏನಾದರೂ ಸೇರಿದೆಯೇ? ಸ್ವಲ್ಪ ಬೇಗ ತಿಳಿಸಿದರೆ ಒಳ್ಳೆಯದು.

ನಾನು ಚೆನ್ನಾಗಿದ್ದೇನೆ.

ಚೂಟಿ


ಏಪ್ರಿಲ್ 13

ಮಾನ್ಯ ಸಂಶೋಧಕಿಯವರಿಗೆ,

ತಮ್ಮ ಪ್ರಶ್ನೆಗಳಿಗೆ ಉತ್ತರ. ಒಂದೇ ಪಾತಿ. ನಾಲ್ಕು ವರ್ಷದ ಗಿಡಗಳು. ಹಿತ್ತಲಿನ ಗೋಡೆಯ ಪಕ್ಕದವು, ತಾವು ಚಿಕ್ಕವರಿದ್ದಾಗ ಚೆಂಡು ಹೊಡೆದು ಗಿಡ ಮುರಿಯುತ್ತಿದ್ದ ಅದೇ ಜಾಗ. ಮೂವತ್ತೊಂದು ವರ್ಷದಲ್ಲಿ ಕೊಂಡ ಬೇರನ್ನು ನನ್ನ ಬೇರಿನ ಜೊತೆ ಒಂದು ಚಿಟಿಕೆಯೂ ಬೆರೆಸಿದವಳಲ್ಲ. ಬೇರೆ ಯಾರಾದರೂ ಕೇಳಿದ್ದರೆ ಅಂಗಡಿಯ ಮೆಟ್ಟಿಲು ಇಳಿಸಿ ಕಳಿಸುತ್ತಿದ್ದೆ.

ಇನ್ನೂ ಮೂರು ಕಿಲೋ ಕಳಿಸಿದ್ದೇನೆ. ಈ ಸಲ ಮೂರು ನೀರಿನಲ್ಲಿ ತೊಳೆದಿದೆ. ಇದರಲ್ಲೂ ಕೊಳೆ ಕಂಡರೆ ಆ ಕೊಳೆ ಅಲ್ಲಿಯದೇ ಇರಬೇಕು.

ಅತ್ತೆ


ಮೇ 4

ಅತ್ತೆ,

ನಿಮ್ಮ ಕಾಗದ ಓದಿ ಎರಡು ವಾರ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ.

ನನಗೆ ನಿಮ್ಮ ಮೇಲೆ ಅನುಮಾನವಿಲ್ಲ. ಇಲ್ಲಿ ಎಲ್ಲರಿಗೂ ನನ್ನ ಮೇಲೆ ಅನುಮಾನ.

ಮೊದಲ ಬೇರಿನಿಂದ ಆದದ್ದು ಮತ್ತೆ ಆಗಲೇ ಇಲ್ಲ. ನಿಮ್ಮ ಎರಡನೇ ಪುಡಿಯಿಂದ ಹದಿನಾಲ್ಕು ಸಲ ಮಾಡಿದೆ. ಹದಿನಾಲ್ಕು ಸಲವೂ ಒಂದು ಗಂಟೆಯೊಳಗೆ ಒಡೆಯಿತು. ಮೂರನೆಯದರಿಂದ ಆರು ಸಲ. ಅದು ಇನ್ನೂ ಬೇಗ ಒಡೆಯಿತು. ಪುಡಿ ಮೊದಲಿಗಿಂತ ಶುದ್ಧ, ಯಂತ್ರ ಅದೇ, ಕೈ ಅದೇ. ಹಾಗಿದ್ದಮೇಲೆ ಒಬ್ಬಳಿಗೆ ಒಂದೇ ಸಲ ಆಗಿ, ಆಮೇಲೆ ಎಂದೂ ಆಗದ ಫಲಿತಾಂಶಕ್ಕೆ ಏನೆನ್ನುತ್ತಾರೆ ಗೊತ್ತೇ? ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಮುಖ್ಯಸ್ಥೆ ಮಾತ್ರ ನೇರವಾಗಿ ಕೇಳಿದರು. "ಜನವರಿಯ ಸಂಖ್ಯೆ ನೀವು ಅಳೆದದ್ದೋ, ಬರೆದದ್ದೋ?" ಅಂದರು. ಅಳೆದದ್ದು ಅಂದೆ. "ಹಾಗಾದ್ರೆ ಮತ್ತೆ ಮಾಡಿ ತೋರಿಸಿ" ಅಂದರು. ಅವರು ಕೇಳಿದ್ದು ತಪ್ಪಲ್ಲ ಅತ್ತೆ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅದೇ ಹೆಚ್ಚು ನೋವು.

ಮೇ ಇಪ್ಪತ್ತೈದಕ್ಕೆ ವಿಚಾರಣೆ. ಅಷ್ಟರಲ್ಲಿ ಮಾಡಿ ತೋರಿಸದಿದ್ದರೆ ಸುಳ್ಳು ಅಂಕಿ ಬರೆದವಳು ಅಂತ ದಾಖಲಾಗುತ್ತದೆ. ಆಮೇಲೆ ಯಾವ ಪ್ರಯೋಗಾಲಯದ ಬಾಗಿಲೂ ತೆರೆಯುವುದಿಲ್ಲ.

ನೀವು ಅಂಗಡಿಯಲ್ಲಿ ನನ್ನ ಕಾಗದ ಗಟ್ಟಿಯಾಗಿ ಓದಿದ್ದು ಗೊತ್ತಾದ ಮೇಲೆ ಇದನ್ನೆಲ್ಲ ಹೇಗೆ ಬರೆಯಲಿ? ಅದಕ್ಕೇ ಪರದೆಯ ವಿಷಯ ಬರೆದೆ. ಕ್ಷಮಿಸಿ.

ಚೂಟಿ


ಮೇ 9

ನನ್ನ ಚೂಟಿಗೆ,

ಅಂಗಡಿ ಬಾಗಿಲು ಹಾಕಿ ಈ ಕಾಗದ ಬರೆಯುತ್ತಿದ್ದೇನೆ. ನೀನು ಮೂರು ತಿಂಗಳು ಒಬ್ಬಳೇ ಇದನ್ನು ಹೊತ್ತುಕೊಂಡು ಓಡಾಡಿದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ನಾನು ಬೇರೆ 'ಮಾನ್ಯ ಸಂಶೋಧಕಿಯವರಿಗೆ' ಅಂತ ಬರೆದೆ. ಆ ಕಾಗದ ಇದ್ದರೆ ಹರಿದುಹಾಕು.

ಈಗ ನಾನು ಹೇಳಬೇಕಾದದ್ದನ್ನು ಕೇಳು. ಒಂದೇ ಒಂದು ವ್ಯತ್ಯಾಸ ಇದೆ. ನಿನ್ನ ಪ್ರಶ್ನೆಯಲ್ಲಿ ಅದು ಇರಲಿಲ್ಲ, ನಾನೂ ಹೇಳಲಿಲ್ಲ. ಸಿಪ್ಪೆ.

ಮೊದಲ ಸಲ ನಾನು ನನ್ನ ಕಷಾಯಕ್ಕೆ ಹೇಗೆ ಎತ್ತಿಕೊಳ್ಳುತ್ತೇನೋ ಹಾಗೇ ಕಳಿಸಿದ್ದೆ, ಸಿಪ್ಪೆಯ ಸಮೇತ. ಮಣ್ಣು ನೋಡಿ ಅಲ್ಲಿಯವರು ನಕ್ಕರು ಅಂತ ನೀನು ಬರೆದೆ. ನಿನಗೆ ಅದು ತಮಾಷೆ. ನನಗೆ ನಾಚಿಕೆಯಾಯಿತು. ಬಿಳಿ ಅಂಗಿ ಹಾಕಿಕೊಂಡು, ಗಾಜಿನ ಬಾಗಿಲ ಹಿಂದೆ ಕೆಲಸ ಮಾಡುವ ಹುಡುಗಿಗೆ ಅವಳ ಅತ್ತೆಯಿಂದ ತಲೆತಗ್ಗಿಸುವ ಹಾಗಾಯಿತಲ್ಲ ಅಂತ. ಎರಡನೇ ಸಲ ಒಂದೊಂದು ಬೇರಿನ ಸಿಪ್ಪೆಯನ್ನೂ ಚಿಕ್ಕ ಚಾಕುವಿನಲ್ಲಿ ಕೆರೆದು ತೆಗೆದೆ. ಕಡ್ಡಿಯಷ್ಟು ಸಣ್ಣ ಬೇರುಗಳು, ನಾಲ್ಕು ಕಿಲೋ. ಹನ್ನೆರಡು ದಿನ ಹಿಡಿಯಿತು. ಬೆರಳಿನ ಗಂಟುಗಳು ಬಾತುಕೊಂಡು ಆಮೇಲೆ ಒಂದು ವಾರ ಪೆನ್ನು ಹಿಡಿಯಲು ಬರಲಿಲ್ಲ. ಮೂರನೇ ಸಲ ಕೆರೆದದ್ದಲ್ಲದೆ ಮೂರು ನೀರಿನಲ್ಲಿ ತೊಳೆದೆ. ನೀನು ಕಡಿಮೆ ಬರೆದಷ್ಟೂ ನಾನು ಹೆಚ್ಚು ಉಜ್ಜಿದೆ.

ನನಗೆ ನಾನೇ ಬೈದುಕೊಳ್ಳುತ್ತಿರುವುದು ಇದಕ್ಕಲ್ಲ. ಸಿಪ್ಪೆ ತೆಗೆದರೆ ನನ್ನ ಕಷಾಯವೂ ಒಡೆಯುತ್ತದೆ. ಅರ್ಧ ಗಂಟೆಯಲ್ಲಿ ಹಳದಿಯೆಲ್ಲ ತಳಕ್ಕೆ ಕೂತು ಮೇಲೆ ಬರೀ ನೀರು. ಸಿಪ್ಪೆ ಇದ್ದರೆ ಕುದಿಯುವಾಗ ನೊರೆ ಬರುತ್ತದೆ, ಬೆಳಗ್ಗೆ ಇಳಿಸಿದ್ದು ಸಂಜೆಯವರೆಗೂ ಒಂದೇ ಸಮ ಇರುತ್ತದೆ. ನನಗೆ ಕೆಲಸ ಕಲಿಸಿದ ಅಜ್ಜಿ ಮೊದಲ ವಾರದಲ್ಲೇ ಇದನ್ನು ತೋರಿಸಿದ್ದರು. ಮೂವತ್ತೊಂದು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಆದರೆ ನಿಮ್ಮದು ಕೂದಲನ್ನು ಐನೂರು ಪಾಲು ಮಾಡುವ ಜಾಗ. ನನ್ನ ಪಾತ್ರೆಯ ಕಾಯಿದೆ ಅಲ್ಲಿಗೆ ಯಾಕೆ ಅನ್ವಯಿಸುತ್ತದೆ, ಹೇಳಿದರೆ ನಕ್ಕಾರು ಅಂತ ಬಾಯಿ ಹೊಲಿದುಕೊಂಡೆ.

ಇದೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಇವತ್ತೇ ಎರಡು ಕಿಲೋ ಅಗೆಸಿ ಕಳಿಸಿದ್ದೇನೆ. ಸಿಪ್ಪೆ ಇದೆ. ಮಣ್ಣೂ ಇದೆ. ಯಂತ್ರದಣ್ಣನವರಿಗೆ ಹೊಲ ಮತ್ತೆ ಬಂದಿದೆ ಅಂತ ಹೇಳು.

ಅತ್ತೆ


ಮೇ 26

ಅತ್ತೆ,

ತೇಲುತ್ತಿವೆ.

ನಿಮ್ಮ ಬೇರು ಹದಿಮೂರಕ್ಕೆ ಕೈಸೇರಿತು. ಅವತ್ತೇ ಶುರು ಮಾಡಿದೆ. ಮೊದಲನೇ ಸಲ ಒಂದು ಗಂಟೆ ಕಳೆಯಿತು, ಎರಡು ಕಳೆಯಿತು, ನಾನು ಸ್ಟೂಲಿನಿಂದ ಏಳಲಿಲ್ಲ. ಸಂಜೆಗೆ ಯಂತ್ರದಣ್ಣ ಬಂದು ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ಟೀ ತಂದುಕೊಟ್ಟರು. ಎರಡನೇ ಸಲವೂ ಆಯಿತು. ಮೂರನೇ ಸಲ ನಾನೇ ಕೇಳಿಕೊಂಡೆ, ನನ್ನನ್ನು ಹೊರಗೆ ಕೂರಿಸಿ ಬೇರೆಯವರು ಮಾಡಲಿ ಅಂತ. ಯಂತ್ರದಣ್ಣ ಮಾಡಿದರು, ಮುಖ್ಯಸ್ಥೆ ಪಕ್ಕದಲ್ಲೇ ನಿಂತರು, ನಾನು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆ. ನೂರರಲ್ಲಿ ಇಪ್ಪತ್ತು ಪಾಲು ಇಳಿದಿದೆ. ಜನವರಿಗಿಂತ ಒಂದು ಹೆಚ್ಚು.

ಕಾರಣವೂ ಸಿಕ್ಕಿತು. ನೀವು ಹೇಳುವ ನೊರೆಯನ್ನು ಕೊಡುವ ವಸ್ತು ಸಿಪ್ಪೆಯಲ್ಲಿದೆ. ಅದು ಒಂದೊಂದು ಗುಂಡಿನ ಸುತ್ತಲೂ ಸುತ್ತಿಕೊಂಡು, ಒಂದನ್ನು ಇನ್ನೊಂದಕ್ಕೆ ಅಂಟಲು ಬಿಡುವುದಿಲ್ಲ. ಆ ಕೆಲಸಕ್ಕೆ ನಾವು ಮೂರು ವರ್ಷದಲ್ಲಿ ಒಂಬತ್ತು ಬಗೆಯ ವಸ್ತು ತರಿಸಿ ಸೋತಿದ್ದೆವು. ನಮ್ಮ ಪರೀಕ್ಷೆ ಕಹಿಯನ್ನಷ್ಟೇ ಅಳೆಯುತ್ತದೆ. ಕಹಿಯ ಪಾಲು ಏರಿದ್ದು ನೋಡಿ ನಾವೆಲ್ಲ ಕುಣಿದೆವು. ಯಾವುದು ಕಡಿಮೆಯಾಯಿತು ಅಂತ ಒಬ್ಬರೂ ಕೇಳಲಿಲ್ಲ. ಗಾಜು, ಯಂತ್ರ, ಇಷ್ಟು ಜನ ಸೇರಿ ಕಾಣದ್ದನ್ನು ನೀವು ಒಂದು ಪಾತ್ರೆ ಇಟ್ಟುಕೊಂಡು ಕಂಡಿದ್ದೀರಿ. ಅತ್ತೆ, ನನಗೆ ನಿಮ್ಮ ಮೇಲೆ ಮೊದಲಿನಿಂದಲೂ ಪ್ರೀತಿ ಇತ್ತು. ಈಗ ನಿಮ್ಮ ಕೈಕೆಳಗೆ ಕೆಲಸ ಕಲಿಯಬೇಕು ಅನ್ನಿಸುತ್ತಿದೆ.

ನಿನ್ನೆ ವಿಚಾರಣೆ ನಡೆಯಿತು. ಸುಳ್ಳು ಅಂಕಿಯ ಮಾತು ಐದು ನಿಮಿಷದಲ್ಲಿ ಬಿದ್ದುಹೋಯಿತು. ಮುಖ್ಯಸ್ಥೆ ಎದ್ದು ನಿಂತು ಎಲ್ಲರ ಮುಂದೆ, "ನಾನು ಅನುಮಾನಪಟ್ಟಿದ್ದೆ, ತಪ್ಪಾಯಿತು" ಅಂದರು. ಅಷ್ಟು ದೊಡ್ಡ ಮನುಷ್ಯರು ಅಷ್ಟು ಚಿಕ್ಕದಾಗಿ ಹೇಳಿದ್ದು ಕೇಳಿ ನನಗೆ ಅಳು ಬಂತು.

ಉಳಿದದ್ದು ಒಂದು ಕಾಗದ. ಇಪ್ಪತ್ತು ಪ್ರಯೋಗ ವ್ಯರ್ಥವಾದದ್ದಕ್ಕೆ ಕಾರಣ ಏನು ಅಂತ ಒಂದು ಕಲಂ ಇರುತ್ತದೆ. ಕಚೇರಿಯವರು ಮೊದಲೇ ತುಂಬಿಸಿ ತಂದಿದ್ದರು. 'ಬೇರು ಪೂರೈಸಿದವರ ಅಜಾಗರೂಕತೆ.' ನನ್ನ ರುಜು ಬಿದ್ದರೆ ಅಲ್ಲಿಗೆ ಮುಗಿಯಿತು, ನನ್ನ ಕಡತ ಚೊಕ್ಕಟ. ನಾನು ಆ ಸಾಲನ್ನು ಹೊಡೆದುಹಾಕಿ, 'ಪೂರೈಸಿದವರಿಗೆ ಗೊತ್ತಿತ್ತು, ಸಂಶೋಧಕಿ ಕೇಳಲಿಲ್ಲ' ಅಂತ ಬರೆದೆ. ಮುಖ್ಯಸ್ಥೆ ಓದಿದರು. "ಇದು ನಿಮ್ಮ ಕಡತದಲ್ಲೇ ಉಳಿಯುತ್ತೆ. ಮುಂದಿನ ವರ್ಷ ನಿಮ್ಮ ಕೆಲಸ ಮುಂದುವರಿಸಬೇಕಾ ಅಂತ ನೋಡುವವರು ಇದನ್ನೂ ನೋಡ್ತಾರೆ. ಯೋಚನೆ ಮಾಡಿ" ಅಂದರು. ಯೋಚನೆ ಮಾಡಿದ್ದೇನೆ ಅಂತ ರುಜು ಹಾಕಿದೆ. ಅವರು ಕಾಗದವನ್ನು ಕಡತಕ್ಕೆ ಸೇರಿಸಿ, "ನಿಮ್ಮತ್ತೆ ಒಂದು ದಿನ ಬಂದು ನಮ್ಮ ಜೊತೆ ನಿಲ್ಲಬಹುದಾ? ಕೇಳೋದೆಲ್ಲ ಕಾಗದದ ಮೇಲೆ ಬರೆದು ಕೇಳ್ತೀವಿ" ಅಂದರು. ಬರುತ್ತೀರಾ?

ಆ ಕಾಗದದ ನಕಲು ಜೊತೆಗೆ ಇಟ್ಟಿದ್ದೇನೆ.

ನಿಮ್ಮ
ಚೂಟಿ


ಜೂನ್ 1

ಚೂಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ, ಗಟ್ಟಿಯಾಗಿಯೇ. ಒಡೆದದ್ದು, ಅನುಮಾನ, ಬೆಂಚು, ಎಲ್ಲವನ್ನೂ. ರಿಪೇರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಕಷಾಯ ಕೇಳಲಿಲ್ಲ.

ನಕಲನ್ನೂ ಓದಿದೆ. ನೀನು ಬರೆದ ಸಾಲು ಓದಿ ನನಗೆ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಸಿಟ್ಟೂ ಬಂತು. ನಿನ್ನನ್ನು ಎತ್ತಿ ಆಡಿಸಿದವಳು ನಾನು, ಅದಕ್ಕೇ ಸಿಟ್ಟನ್ನೂ ಹೇಳುತ್ತೇನೆ. ಕಚೇರಿಯವರ ಸಾಲು ಸುಳ್ಳು, ಹೊಡೆದುಹಾಕಿದ್ದು ಸರಿ. ಅಜಾಗರೂಕತೆಯಿಂದ ಯಾರೂ ಹನ್ನೆರಡು ದಿನ ಸಿಪ್ಪೆ ಕೆರೆಯುವುದಿಲ್ಲ. ಆದರೆ ನಿನ್ನದು ಅರ್ಧ ನಿಜ. ನೀನು ಕೇಳಲಿಲ್ಲ, ಒಪ್ಪಿದೆ. ಕೇಳದಿದ್ದರೂ ಹೇಳುವ ಬಾಯಿ ನನಗಿತ್ತಲ್ಲ? ಕಿವಿ ಹೋಗಿದೆ, ಬಾಯಿ ಹೋಗಿಲ್ಲ, ಊರಿಗೆಲ್ಲ ಗೊತ್ತು. ದಿನಾ ಬಂದವರಿಗೆ, ಬೇಡವೆಂದರೂ, ಸಿಪ್ಪೆ ತೆಗೆಯಬೇಡಿ ಅಂತ ಹೇಳುವವಳು ನಿನ್ನೊಬ್ಬಳ ಮುಂದೆ ಸುಮ್ಮನಾದೆ. ನೀನು ಓದಿದವಳು ಅಂತ. ನೀನೋ, ಅತ್ತೆ ದೊಡ್ಡವರು ಅಂತ ನನ್ನ ಮುಂದೆ ಸುಮ್ಮನಾದೆ. ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸಿಕೊಂಡು ಇಪ್ಪತ್ತು ಸಲ ಹಾಲು ಒಡೆಸಿದೆವು.

ತಪ್ಪನ್ನು ಪೂರ್ತಿ ನೀನೇ ಇಟ್ಟುಕೊಳ್ಳಲು ನಾನು ಬಿಡುವುದಿಲ್ಲ. ನನ್ನ ಪಾಲು ನನಗೆ ಬೇಕು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೇಳುವುದನ್ನೆಲ್ಲ ಬರೆದಿಟ್ಟಿರಲು ಹೇಳು, ಉತ್ತರ ಮಾತ್ರ ಬಾಯಲ್ಲೇ ಕೊಡುತ್ತೇನೆ. ಅದಕ್ಕೆ ಮೊದಲು ಆ ಕಾಗದವನ್ನು ನನ್ನ ಮುಂದೆ ಇಡಬೇಕು. ನಿನ್ನ ರುಜುವಿನ ಕೆಳಗೆ ಒಂದು ಸಾಲಿನಷ್ಟು ಜಾಗ ಇದೆ, ನಕಲಿನಲ್ಲಿ ನೋಡಿದ್ದೇನೆ. 'ಪೂರೈಸಿದವಳು ಹೇಳಲಿಲ್ಲ' ಅಂತ ನಾನೇ ಬರೆದು ರುಜು ಹಾಕುತ್ತೇನೆ. ನಿಮ್ಮ ಮುಖ್ಯಸ್ಥೆ ಬೇಡ ಅಂದರೆ, ನನಗೆ ಕಿವಿ ಕೇಳಿಸುವುದಿಲ್ಲ ಅಂತ ಹೇಳು.

ಅತ್ತೆ